ಟಾರ್ಕಿಲ್ ಇಟ್ಟುಹೋದ ಕಲ್ಲು

ನಮ್ಮ ಬಾಲ್‌ಕ್ರೇಗ್‌ನಲ್ಲಿ ಯಾರನ್ನೂ ಏನನ್ನೂ ನೇರವಾಗಿ ಕೇಳುವ ಪದ್ಧತಿಯಿಲ್ಲ. ಕೇಳಿದರೆ ಮರ್ಯಾದೆಗೆಟ್ಟವರು ಅನ್ನುತ್ತಾರೆ. ಹಾಗಂತ ನಮಗೆ ಊರ ಉಸಾಬರಿ ಬೇಡವೆಂದು ತಿಳಿಯಬೇಡಿ. ಬೇಕು, ಊಟಕ್ಕಿಂತ ಹೆಚ್ಚಾಗಿ ಬೇಕು. ಅದಕ್ಕೇ ನಾವು ಪ್ರಶ್ನೆ ಕೇಳುವ ಬದಲು ಒಂದು ತಪ್ಪು ಮಾತು ಹೇಳಿ ಸುಮ್ಮನೆ ಕೂರುತ್ತೇವೆ. "ನಿಮ್ಮ ಮಗಳು ಗ್ಲಾಸ್ಗೋದಲ್ಲಿ ಸುಖವಾಗಿದ್ದಾಳೆ ಅನ್ನಿ" ಎಂದರೆ ಸಾಕು, ಎದುರಿಗಿದ್ದವರು ತಡೆಯಲಾರದೆ "ಎಲ್ಲಿಯ ಗ್ಲಾಸ್ಗೋ, ಗಂಡನ್ನ ಬಿಟ್ಟು ಅಬರ್ಡೀನಿಗೆ ಹೋಗಿ ಎರಡು ವರ್ಷ ಆಯ್ತು" ಎಂದು ತಿದ್ದುತ್ತಾರೆ. ತಪ್ಪು ತಿದ್ದುವ ಚಪಲವನ್ನು ದೇವರು ಎಲ್ಲರಿಗೂ ಕೊಟ್ಟಿದ್ದಾನೆ. ನಾವು ಅದರ ಮೇಲೆ ಬದುಕುತ್ತೇವೆ.

ನಾನು ಎಫೀ ಗಿಲಿಸ್, ವಯಸ್ಸು ಎಪ್ಪತ್ತು. ಗಂಡ ಆರ್ಚಿ ತೀರಿಕೊಂಡ ಮೇಲೆ ಮನೆಯ ಮೂರು ಕೋಣೆಗಳನ್ನು ಪ್ರವಾಸಿಗಳಿಗೆ ಬಿಟ್ಟುಕೊಟ್ಟು, ಬೆಳಿಗ್ಗೆ ಅವರಿಗೆ ಓಟ್ಸ್ ಗಂಜಿ, ಮೊಟ್ಟೆ, ಹೊಗೆ ಹಾಕಿದ ಮೀನು ಬಡಿಸಿ ದಿನ ಕಳೆಯುತ್ತಿದ್ದೇನೆ. ಬಂದವರು ಸರೋವರ ನೋಡುತ್ತಾರೆ, ಬೆಟ್ಟ ನೋಡುತ್ತಾರೆ, ಬಸ್ ನಿಲ್ದಾಣದ ಎದುರು ಬ್ಯಾಗ್‌ಪೈಪ್ ಊದುವವನ ಪಕ್ಕ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ನಾನು ಅವರನ್ನು ನೋಡುತ್ತೇನೆ. ಸರೋವರವನ್ನು ಎಪ್ಪತ್ತು ವರ್ಷ ನೋಡಿಯಾಗಿದೆ, ಅದರಲ್ಲಿ ಹೊಸದೇನೂ ಇಲ್ಲ. ಮನುಷ್ಯರಾದರೆ ದಿನಕ್ಕೊಬ್ಬರು ಹೊಸಬರು.

ಜೂನ್ ಎರಡನೇ ವಾರ ಬಂದವರು ಹೊರಾಕ್ಸ್. ಇಂಗ್ಲೆಂಡಿನ ಬೋಲ್ಟನ್ ಕಡೆಯವರು, ಬಸ್ ಓಡಿಸಿ ನಿವೃತ್ತರಾದವರು, ಎಪ್ಪತ್ತೈದರ ಆಸುಪಾಸು, ಒಬ್ಬರೇ. ಸೂಟ್‌ಕೇಸ್ ತೆಗೆದುಕೊಳ್ಳಲು ಕೈ ಚಾಚಿದರೆ ಕೊಟ್ಟರು, ಇನ್ನೊಂದು ಕೈಯಲ್ಲಿದ್ದ ಚರ್ಮದ ಚೀಲವನ್ನು ಮಾತ್ರ ಕೊಡಲಿಲ್ಲ. ಹುಲ್ಲುಹಾಸಿನ ಮೇಲೆ ಭಾರದ ಚೆಂಡು ಉರುಳಿಸಿ ಆಡುವ ಮುದುಕರು ಇಟ್ಟುಕೊಳ್ಳುತ್ತಾರಲ್ಲ, ಅಂಥ ಎರಡು ಹಿಡಿಕೆಯ ಗುಂಡನೆಯ ಚೀಲ. ಮೆಟ್ಟಿಲು ಹತ್ತುವಾಗ ಅವರ ಎಡ ಭುಜ ಆ ಕಡೆಗೆ ವಾಲಿತ್ತು. ಮರುದಿನ ತಿಂಡಿಗೆ ಬಂದಾಗ ಚೀಲ ಪಕ್ಕದ ಕುರ್ಚಿಯ ಮೇಲೆ ಕೂತಿತು. ಬೆಟ್ಟಕ್ಕೆ ಹೋದಾಗ ಜೊತೆಗೆ ಹೋಯಿತು, ಸಂಜೆ ಜೊತೆಗೇ ಬಂತು. ಭುಜ ವಾಲಿದ್ದು ಅಷ್ಟೇ ವಾಲಿತ್ತು, ಅಂದರೆ ಒಳಗಿದ್ದದ್ದು ಒಳಗೇ ಇದೆ. ಹೀಗೆ ಮೂರು ದಿನ ನಡೆಯಿತು. ನಾಲಗೆ ತುದಿಗೆ ಬಂದ ಪ್ರಶ್ನೆಯನ್ನು ನುಂಗಿ ನುಂಗಿ ನನ್ನ ಹೊಟ್ಟೆ ಉಬ್ಬಿಹೋಯಿತು.

ಬಸ್ ನಿಲ್ದಾಣದ ಪಕ್ಕದಲ್ಲಿ ಚಹಾದಂಗಡಿ ಇಟ್ಟಿರುವ ನೆಟ್ಟಾ ನನ್ನ ಶಾಲೆಯ ಗೆಳತಿ. ಊರಿನ ಅರ್ಧ ಸುದ್ದಿ ಅವಳ ಹತ್ತಿರ, ಇನ್ನರ್ಧ ನನ್ನ ಹತ್ತಿರ. ಮೂರನೇ ದಿನ ಚಹಾದ ಜೊತೆ ತಿನ್ನುವ ಸ್ಕೋನ್ ತರುವ ನೆಪದಲ್ಲಿ ಹೋಗಿ ಚೀಲದ ವಿಷಯ ಎತ್ತಿದೆ. ಅವಳಾಗಲೇ ತೀರ್ಪು ಬರೆದಿಟ್ಟಿದ್ದಳು.

"ಹೆಂಡ್ತಿ ಬೂದಿ ಕಣೇ ಅದು. ಚೆಲ್ಲಬೇಕು ಅಂತ ಒಯ್ತಾರೆ, ಮನಸ್ಸು ಬರದೆ ವಾಪಸ್ ತರ್ತಾರೆ. ಪಾಪ."

ಬೂದಿ ಅಷ್ಟು ತೂಕ ಇರುವುದಿಲ್ಲ, ಆರ್ಚಿಯನ್ನು ನಾನು ಒಂದೇ ಕೈಯಲ್ಲಿ ಹಿಡಿದುಕೊಂಡು ಹೋಗಿದ್ದೆ ಎಂದೆ.

"ಆರ್ಚಿ ಬದುಕಿದ್ದಾಗ್ಲೂ ಅಂಥ ತೂಕದ ಮನುಷ್ಯ ಏನಲ್ಲ ಬಿಡು" ಎಂದಳು ನೆಟ್ಟಾ.

ಜಗಳಕ್ಕೆ ನಿಲ್ಲುತ್ತಿದ್ದೆ. ಅಷ್ಟರಲ್ಲಿ ಅವಳು ಇನ್ನೊಂದು ಸುದ್ದಿ ಹೇಳಿದಳು. ದೋಣಿಯವನೊಬ್ಬ ನೀರಿನ ಮೇಲಿಂದ ನೋಡಿದನಂತೆ: ಹೊರಾಕ್ಸ್ ಬೆಟ್ಟದ ಹೆಗಲ ಮೇಲಿನ ಕಲ್ಲುಗುಪ್ಪೆಯ ಸುತ್ತ ಸುತ್ತುತ್ತಾರಂತೆ, ಮಂಡಿಯೂರಿ ಕೂತು ಕಲ್ಲುಗಳನ್ನು ಒಂದೊಂದಾಗಿ ನೋಡುತ್ತಾರಂತೆ. ಕಲ್ಲುಗುಪ್ಪೆ ಎಂದ ಕೂಡಲೇ ನಾನು ಸ್ಕೋನ್ ತೆಗೆದುಕೊಂಡು ಎದ್ದುಬಂದೆ. ನೆಟ್ಟಾ ತಡೆಯಲಿಲ್ಲ. ಆ ಗುಪ್ಪೆಯ ಹೆಸರು ಬಂದರೆ ಎಫೀ ಎದ್ದುಹೋಗುತ್ತಾಳೆ ಎಂಬುದು ಊರಿಗೇ ಗೊತ್ತಿತ್ತು.

ಊರು ಬಿಟ್ಟು ದೂರ ಹೋಗುವವರು ಹೊಳೆಯಿಂದ ಒಂದು ಕಲ್ಲು ಆರಿಸಿಕೊಂಡು, ಅಲ್ಲಿಯವರೆಗೆ ಹೊತ್ತು, ಗುಪ್ಪೆಯಲ್ಲಿಟ್ಟು ಹೋಗಬೇಕು. ರೈಲು ನಿಲ್ದಾಣದಿಂದ ಬರುವ ಹಳೆಯ ಕಾಲುದಾರಿ ಅದರ ಪಕ್ಕದಲ್ಲೇ ಇಳಿಯುತ್ತದೆ. ತಿರುಗಿ ಬಂದ ದಿನ ಮೊದಲು ತನ್ನ ಕಲ್ಲು ತೆಗೆದುಕೊಂಡು, ಆಮೇಲೆ ಮನೆಯ ಬಾಗಿಲು ತಟ್ಟಬೇಕು. ಗುಪ್ಪೆಯಲ್ಲಿ ಉಳಿದ ಕಲ್ಲುಗಳೆಲ್ಲ ಬಾರದವರವು: ಯುದ್ಧಕ್ಕೆ ಹೋದವರು, ಕೆನಡಾಕ್ಕೆ ಹೋದವರು, ಹಡಗು ಹತ್ತಿದವರು. ಒಬ್ಬರ ಕಲ್ಲನ್ನು ಇನ್ನೊಬ್ಬರು ಮುಟ್ಟುವುದು ನಮ್ಮವರ ಯೋಚನೆಗೂ ಬರುವ ಮಾತಲ್ಲ. ಬಾಲ್‌ಕ್ರೇಗ್‌ನಲ್ಲಿ ಕಳ್ಳರಿಲ್ಲವೆಂದಲ್ಲ, ಕುರಿ ಕದ್ದವರಿದ್ದಾರೆ, ಪಕ್ಕದ ಮನೆಯ ಹೆಂಡತಿಯನ್ನು ಕದ್ದವನೂ ಇದ್ದ. ಆದರೆ ಅವನು ಕೂಡ ಆ ಕಲ್ಲುಗಳ ಪಕ್ಕ ಹಾದುಹೋಗುವಾಗ ಟೋಪಿ ತೆಗೆಯುತ್ತಿದ್ದ.

ಅಣ್ಣ ಟಾರ್ಕಿಲ್ ಹಡಗಿನ ಕೆಲಸಕ್ಕೆಂದು ಹೊರಟದ್ದು ಅರವತ್ತೆಂಟರಲ್ಲಿ. ಅವನಿಗೆ ಇಪ್ಪತ್ತೆರಡು, ನನಗೆ ಹದಿನಾರು. ಅಪ್ಪ ಇರಲಿಲ್ಲ. ಅವನ ಕಲ್ಲನ್ನು ಹೊಳೆಯಲ್ಲಿ ಆರಿಸಿದವಳು ನಾನೇ: ಬ್ರೆಡ್ಡಿನ ಉಂಡೆಯಷ್ಟು ದೊಡ್ಡದು, ಬೂದು ಬಣ್ಣ, ನಡುವೆ ಸೊಂಟಪಟ್ಟಿಯಂತೆ ಒಂದು ಬಿಳಿ ಗೆರೆ. ತೀರಾ ಭಾರ, ಇಳಿಸಿಕೊಂಡು ಬರುವಾಗ ನನ್ನ ಬೆನ್ನು ಮುರಿಯುತ್ತದೆ ಎಂದು ಗೊಣಗುತ್ತಲೇ ಹೊತ್ತ. ಗುಪ್ಪೆಯ ಹತ್ತಿರ ಕೈ ಜಾರಿ ಬಿದ್ದು ಒಂದು ಅಂಚು ಚಕ್ಕೆಯೆದ್ದಿತು. ಅದನ್ನೇ ಮಂಡಿಯೆತ್ತರದ ಒಂದು ಪೊಟರೆಯಲ್ಲಿಟ್ಟು ಹೋದ. ಮೊದಲ ವರ್ಷ ತಿಂಗಳಿಗೊಂದು ಕಾಗದ ಬಂತು, ಆಮೇಲೆ ಕ್ರಿಸ್‌ಮಸ್ಸಿಗೊಂದು, ಆಮೇಲೆ ಅದೂ ಇಲ್ಲ. ಅಮ್ಮ ಭಾನುವಾರ ಚರ್ಚು ಮುಗಿಸಿ ಮೇಲೆ ಹೋಗಿ ಕಲ್ಲು ನೋಡಿ ಬರುತ್ತಿದ್ದಳು. ಮಳೆಗಾಲದಲ್ಲಿ ಪಾಚಿ ಕೆರೆಯುತ್ತಿದ್ದಳು.

ಎಪ್ಪತ್ತೊಂದರ ಆಗಸ್ಟ್ ಮೊದಲ ಭಾನುವಾರ ನಾನೂ ಜೊತೆಗಿದ್ದೆ. ಕಲ್ಲು ಇರಲಿಲ್ಲ. ಅದು ಕೂತಿದ್ದ ಗುಳಿ ಇತ್ತು, ಗುಳಿಯಲ್ಲಿ ನೀರು ನಿಂತಿತ್ತು. ಅಮ್ಮ ಲಂಗ ಎತ್ತಿ ಹಿಡಿದು ಬೆಟ್ಟ ಇಳಿಯುತ್ತಾ ಓಡಿದಳು. ನನ್ನ ಅಮ್ಮ ಓಡಿದ್ದನ್ನು ಅದಕ್ಕೆ ಮೊದಲೂ ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ. ಮನೆ ನಾವು ಬಿಟ್ಟುಹೋದ ಹಾಗೆಯೇ ಇತ್ತು. ಅವಳು ಮೇಜಿನ ಮೇಲೆ ಮೂರು ತಟ್ಟೆ ಇಟ್ಟಳು. ಮರುದಿನವೂ ಮೂರು ಇಟ್ಟಳು. ಹೀಗೆ ಒಂದು ತಿಂಗಳು ಇಟ್ಟು, ಒಂದು ದಿನ ಮೂರನೆಯದನ್ನು ಒರೆಸಿ ಬೀರುವಿನೊಳಗೆ ಸೇರಿಸಿದಳು.

ಆಗ ನಮ್ಮೂರಿಗೆ ಪ್ರವಾಸಿಗಳು ಬರುತ್ತಿದ್ದುದೇ ಬೆರಳೆಣಿಕೆ, ಬಂದವರೂ ಸರೋವರದ ದಂಡೆಯಲ್ಲಿ ಚಹಾ ಕುಡಿದು ಹೋಗುವವರು. ಅದು ಅವರ ಕೆಲಸವಿರಬಹುದೆಂದು ಒಬ್ಬರಿಗೂ ಹೊಳೆಯಲಿಲ್ಲ. ಕಲ್ಲು ಹೋಗಿದೆ ಅಂದರೆ ಕಲ್ಲಿನವನು ಬಂದಿದ್ದ. ಇದರಲ್ಲಿ ಅನುಮಾನಕ್ಕೆ ಜಾಗವೆಲ್ಲಿ? ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ. ವಾರದೊಳಗೆ ರೈಲು ನಿಲ್ದಾಣದ ಪೋರ್ಟರ್ ಅವನನ್ನು ಕಣ್ಣಾರೆ ಕಂಡಿದ್ದ, ಅಂಚೆಯವನು ಬೆನ್ನು ಕಂಡಿದ್ದ. ಬಂದ, ಬೆಟ್ಟದ ಮೇಲಿಂದ ನಮ್ಮ ಮನೆಯ ಹೊಗೆ ನೋಡಿದ, ತನ್ನ ಕಲ್ಲು ಎತ್ತಿಕೊಂಡ, ಬಾಗಿಲಿಗೆ ಬಾರದೆ ತಿರುಗಿ ಹೋದ. ಊರು ನಮ್ಮನ್ನು ಏನೂ ಕೇಳಲಿಲ್ಲ. ಸ್ಕೋನ್, ಜಾಮ್ ತಂದುಕೊಟ್ಟು, ಹವಾಮಾನದ ಮಾತಾಡಿ ಹೋಯಿತು.

ಮುಂದಿನ ವರ್ಷದ ಅಕ್ಟೋಬರಿನಲ್ಲಿ ನನ್ನ ಹೆಸರಿಗೆ ಅವನ ಕಾಗದ ಬಂತು, ನ್ಯೂಜಿಲೆಂಡಿನ ಬ್ಲಫ್ ಎಂಬ ಊರಿನಿಂದ. ಅಲ್ಲೇ ಬಂದರಿನಲ್ಲಿ ಕೆಲಸ ಹಿಡಿದಿದ್ದೇನೆ, ಮದುವೆಯಾಗುತ್ತಿದ್ದೇನೆ, ಇಷ್ಟು ದಿನ ಬರೆಯದೆ ಇದ್ದದ್ದಕ್ಕೆ ನಾಚಿಕೆಯಾಗುತ್ತದೆ, ಮುಂದಿನ ಬೇಸಿಗೆಗೆ ಬರಬೇಕೆಂದಿದ್ದೇನೆ, ಅಮ್ಮನಿಗೆ ನನ್ನ ಮೇಲೆ ಕೋಪವಿಲ್ಲ ತಾನೇ ಎಂದು ಬರೆದಿದ್ದ. ಎಂಥ ನಾಟಕ ಅನ್ನಿಸಿತು. ಬೆಟ್ಟದ ತನಕ ಬಂದು ತಿರುಗಿ ಹೋದವನು ಈಗ ಕೋಪವಿದೆಯಾ ಎಂದು ಕೇಳುತ್ತಾನೆ! "ಯಾಕೆ ಹಾಗೆ ಮಾಡಿದೆ" ಎಂದು ನಾನು ಕೇಳಬಹುದಿತ್ತು. ಆದರೆ ನಾನು ಬಾಲ್‌ಕ್ರೇಗ್‌ನವಳು. "ಬಂದ ದಾರಿಯೂ ನಿನಗೆ ಗೊತ್ತು, ಹೋದ ದಾರಿಯೂ ಗೊತ್ತು. ಇಲ್ಲಿ ನಿನಗಾಗಿ ಯಾರೂ ಕಾಯುತ್ತಿಲ್ಲ" ಎಂದು ಎರಡು ಸಾಲು ಬರೆದು ಹಾಕಿದೆ. ಅಮ್ಮನಿಗೆ ಕಾಗದ ತೋರಿಸಲಿಲ್ಲ. ಅವನಿಂದ ಮತ್ತೆ ಕಾಗದ ಬರಲಿಲ್ಲ. ಎಪ್ಪತ್ನಾಲ್ಕರ ಚಳಿಗಾಲದಲ್ಲಿ ಅಮ್ಮ ಸತ್ತಳು, ಅದನ್ನೂ ಅವನಿಗೆ ತಿಳಿಸಲಿಲ್ಲ.

ಊರಿನ ನಾಯಿ ನಿನ್ನೆ ಯಾರ ಮನೆಯ ಜಗಲಿಯಲ್ಲಿ ಮಲಗಿತ್ತು ಎಂಬುದನ್ನೂ ತಿಳಿದುಕೊಳ್ಳದೆ ಚಹಾ ಕುಡಿಯದವಳು ನಾನು. ಅಂಥವಳು, ಅಣ್ಣ ಯಾಕೆ ಒಳಗೆ ಬರಲಿಲ್ಲ ಎಂಬುದೊಂದನ್ನು ಐವತ್ತು ವರ್ಷ ಕೇಳದೆ ಕೂತಿದ್ದೆ. ಸಿಟ್ಟು ಇಳಿದಿರಲಿಲ್ಲ. ಅದನ್ನು ದಿನಾ ಬೆಳಿಗ್ಗೆ ಒಲೆಯ ಜೊತೆ ಹೊತ್ತಿಸುತ್ತಿದ್ದೆ.

ನಾಲ್ಕನೇ ದಿನ ಬೆಳಿಗ್ಗೆ ಹೊರಾಕ್ಸ್ ಒಬ್ಬರೇ ತಿಂಡಿಗೆ ಕೂತಿದ್ದರು. ನಿಲುವು ಕುಗ್ಗಿತ್ತು, ಕುತ್ತಿಗೆಯೆಲ್ಲ ನುಸಿ ಕಚ್ಚಿ ಕೆಂಪಾಗಿತ್ತು. ಮೊಟ್ಟೆ ಬಡಿಸುತ್ತಾ ನಾನು ಗಾಳ ಹಾಕಿದೆ: ಕಳೆದ ವರ್ಷ ಬಂದಾಗ ನಿಮ್ಮ ಮನೆಯವರಿಗೂ ನಮ್ಮ ಬೆಟ್ಟ ಹಿಡಿಸಿತ್ತು ಅನ್ನಿ. ಅವರು ಕೂಡಲೇ ತಿದ್ದಿದರು. ಕಳೆದ ವರ್ಷವಲ್ಲ, ಮದುವೆಯಾದ ಹೊಸತರಲ್ಲಿ, ಡೊರೀನ್ ಹೋಗಿಬಿಟ್ಟಳು ಈ ಮಾರ್ಚಿನಲ್ಲಿ, ಎಂದರು. ಅಷ್ಟಕ್ಕೇ ನಿಲ್ಲಲಿಲ್ಲ. ಇಂಗ್ಲೆಂಡಿನ ಆ ಕಡೆಯ ಜನರಿಗೆ ಮುಚ್ಚುಮರೆ ಕಡಿಮೆ. ನಾನು ಇನ್ನೆರಡು ಗಾಳಗಳನ್ನು ಸಿದ್ಧ ಮಾಡಿಕೊಳ್ಳುವ ಮೊದಲೇ ಚೀಲ ಬಿಚ್ಚಿ, ಟವೆಲಿನಲ್ಲಿ ಸುತ್ತಿದ್ದ ಒಂದು ಗಂಟನ್ನು ತೆಗೆದು, ಮಾರ್ಮಲೇಡ್ ಬಟ್ಟಲಿನ ಪಕ್ಕ ಇಟ್ಟು ಬಿಡಿಸಿದರು.

ಬೂದು ಕಲ್ಲು. ನಡುವೆ ಬಿಳಿ ಗೆರೆ.

ಅವರು ಹೇಳುತ್ತಾ ಹೋದರು. ಸುತ್ತ ಪೂರ್ತಿ ಬಿಳಿ ಗೆರೆ ಇರುವ ಕಲ್ಲು ಸಿಕ್ಕರೆ ಬೇಡಿಕೊಂಡದ್ದು ನಡೆಯುತ್ತದೆಂದು ಡೊರೀನಳ ಅಜ್ಜಿ ಹೇಳುತ್ತಿದ್ದಳಂತೆ. ಗುಪ್ಪೆಯಲ್ಲಿ ಇದನ್ನು ಕಂಡು, ಗಂಡ ಕೆಳಗೆ ರಸ್ತೆಯಲ್ಲಿ ಕಾರಿನ ಟೈರು ನೋಡುತ್ತಿದ್ದಾಗ, ಮಳೆಕೋಟಿನಲ್ಲಿ ಸುತ್ತಿ ಡಿಕ್ಕಿಗೆ ಹಾಕಿಕೊಂಡಳಂತೆ. ಅವರಿಗೆ ಗೊತ್ತಾದದ್ದು ಇಂಗ್ಲೆಂಡಿನ ಗಡಿ ದಾಟಿದ ಮೇಲೆ. ಐವತ್ತು ವರ್ಷ ಅದು ಅವರ ಅಡುಗೆಮನೆಯ ಬಾಗಿಲು ಬಡಿದುಕೊಳ್ಳದಂತೆ ತಡೆದು ಕೂತಿತ್ತು. ಕೊನೆಯ ವಾರದಲ್ಲಿ ಡೊರೀನ್ ಅದೊಂದನ್ನೇ ಹಿಡಿದಳಂತೆ: ಅದು ನಮ್ಮದಲ್ಲ, ಯಾರೋ ಬೇಕೆಂದೇ ಅಲ್ಲಿ ಇಟ್ಟದ್ದು, ತೆಗೆದ ಜಾಗದಲ್ಲೇ ಇಟ್ಟು ಬನ್ನಿ. ಮಂಡಿಯೆತ್ತರದಲ್ಲಿ, ಬೆಟ್ಟದ ಕಡೆ, ಎಂದು ಗುರುತೂ ಹೇಳಿದಳಂತೆ. ಆದರೆ ಈಗ ಬಂದಬಂದ ಪ್ರವಾಸಿಗಳೆಲ್ಲ ಒಂದೊಂದು ಕಲ್ಲು ಪೇರಿಸಿ ಗುಪ್ಪೆ ಎರಡರಷ್ಟಾಗಿದೆ. ಮೂರು ದಿನ ಹುಡುಕಿದರೂ ಜಾಗ ಸಿಗಲಿಲ್ಲ ಎಂದರು.

ನಾನು ಕಲ್ಲನ್ನು ತಿರುಗಿಸಿದೆ. ಚಕ್ಕೆಯೆದ್ದ ಅಂಚು ಅಲ್ಲೇ ಇತ್ತು. ಐವತ್ತು ವರ್ಷ ಬಾಗಿಲು ಉಜ್ಜಿ ಉಜ್ಜಿ ನುಣುಪಾಗಿತ್ತು.

"ಯಾವ ವರ್ಷ?" ಎಂದೆ. ನೇರವಾಗಿಯೇ ಕೇಳಿದೆ.

"ಎಪ್ಪತ್ತೊಂದು. ಜುಲೈ ಕೊನೆ ವಾರ."

ಅವರಿನ್ನೂ ಅರ್ಧ ಮೊಟ್ಟೆ ಮಾತ್ರ ತಿಂದಿದ್ದರು. ಆ ತಟ್ಟೆಯನ್ನು ಎತ್ತಿಕೊಂಡು ಅಡುಗೆಮನೆಗೆ ಹೋಗಿ ನಲ್ಲಿ ಬಿಟ್ಟು ನಿಂತೆ. ಮೊದಲು ಬಂದದ್ದು ಸಿಟ್ಟು, ಆ ಸತ್ತ ಹೆಂಗಸಿನ ಮೇಲೆ. ಯಾರ ಮನೆಯ ಕಲ್ಲನ್ನು ಎತ್ತಿಕೊಂಡು ಹೋದೆಯೇ ತಾಯಿ, ನಿನ್ನ ಬಾಗಿಲಿಗೆ ಬೇರೆ ಕಲ್ಲು ಸಿಗಲಿಲ್ಲವೇ ಎಂದು. ಆದರೆ ಅದು ನಿಲ್ಲಲಿಲ್ಲ. ಕಲ್ಲು ಒಯ್ದವಳು ಅವಳಿರಬಹುದು, ಆ ಎರಡು ಸಾಲು ಬರೆದವಳು ನಾನು. ಮಾತು ಮನೆ ಕೆಡಿಸಿತು ಅನ್ನುತ್ತಾರೆ. ನಮ್ಮ ಮನೆಯನ್ನು ಆಡದೆ ಉಳಿದ ಮಾತು ಕೆಡಿಸಿತ್ತು. ನಾಚಿಕೆಯಿಂದ ನನ್ನ ಕಿವಿ ಸುಟ್ಟುಹೋಯಿತು.

ಹೊರಾಕ್ಸ್ ಬಾಗಿಲಲ್ಲಿ ಬಂದು ನಿಂತರು. ಕೊರಳಿಗೆ ಸಿಕ್ಕಿಸಿದ ಕರವಸ್ತ್ರ ಹಾಗೇ ಇತ್ತು.

"ಅದು ಯಾರದ್ದಾದ್ರೂ ಆಗಿತ್ತಾ, ಮಿಸೆಸ್ ಗಿಲಿಸ್?"

"ನಮ್ಮಣ್ಣಂದು. ಊರು ಬಿಡೋವಾಗ ಇಟ್ಟಿದ್ದು."

"ಅವರು ವಾಪಸ್ ಬಂದ್ರಾ ಆಮೇಲೆ?"

"ಇಲ್ಲ" ಎಂದೆ.

ಬಾಯಿಂದ ಬಂದ ಮೇಲೆ ಅದು ಏನೆಂದು ನನಗೆ ತಿಳಿಯಿತು. ಬಂದಿರಲಿಲ್ಲ. ಬಂದು, ಮನೆಯ ಹೊಗೆ ನೋಡಿ, ಬೇಡವೆಂದು ಹೋಗಿರಲಿಲ್ಲ. ಐವತ್ತು ವರ್ಷ ನಾನು ಬೈದದ್ದು ಬಾರದೇ ಇದ್ದವನನ್ನು. ಕುರ್ಚಿ ಎಳೆದುಕೊಂಡು ಕೂತೆ. ಹೊರಾಕ್ಸ್ ಏನಾಯಿತೆಂದು ತಿಳಿಯದೆ ನನಗೊಂದು ಲೋಟ ನೀರು ಕೊಟ್ಟರು, ನನ್ನದೇ ನಲ್ಲಿಯಿಂದ.

"ಬದುಕಿದ್ದಾರಾ ಅವರು?"

"ಗೊತ್ತಿಲ್ಲ."

"ಕೇಳಬಹುದಲ್ಲ" ಎಂದರು ಅವರು, ಬಸ್ಸು ಎಷ್ಟು ಗಂಟೆಗೆ ಎನ್ನುವಷ್ಟು ಸುಲಭವಾಗಿ.

ಅವರ ಹೆಂಡತಿಯಿಂದ ಏನಾಯಿತೆಂದು ನಾನು ಹೇಳಲಿಲ್ಲ. ಹೊಸದಾಗಿ ಹೆಂಡತಿಯನ್ನು ಕಳೆದುಕೊಂಡ ಮುದುಕನ ತಲೆಗೆ ಅದನ್ನು ಕಟ್ಟಿ ನನಗೇನು ಸಿಗಬೇಕು? ಕಲ್ಲನ್ನು ನನ್ನ ಹತ್ತಿರ ಬಿಡಿ, ಜಾಗ ನನಗೆ ಗೊತ್ತು, ಹೋಗುವಾಗ ನಿಮ್ಮನ್ನೂ ಕರೆಯುತ್ತೇನೆ ಎಂದೆ. ಅವರ ಭುಜ ನಾಲ್ಕು ದಿನದಲ್ಲಿ ಮೊದಲ ಸಲ ಸಮವಾಯಿತು. ಇನ್ನೊಂದು ಮೊಟ್ಟೆ ಬೇಯಿಸಿ ಕೊಟ್ಟೆ.

ಆ ಮಧ್ಯಾಹ್ನ ಟಾರ್ಕಿಲನ ಹಳೆಯ ಕಾಗದ ಹಿಡಿದುಕೊಂಡು ನೆಟ್ಟಾಳ ಅಂಗಡಿಗೆ ಹೋದೆ. ಹರಿದು ಹಾಕಿರಲಿಲ್ಲ ಅದನ್ನು, ಯಾಕೆ ಇಟ್ಟುಕೊಂಡಿದ್ದೆನೆಂದು ಕೇಳಬೇಡಿ. ಅವಳು ಫೋನಿನಲ್ಲಿ ಯಾರನ್ನು ಬೇಕಾದರೂ ಹತ್ತು ನಿಮಿಷದಲ್ಲಿ ಹುಡುಕುವವಳು. ಎಲ್ಲ ಹೇಳಿದೆ, ಬೆಳಗಿನದು, ಕಲ್ಲಿನದು, ಎರಡು ಸಾಲಿನದು. ಅವಳು ಕನ್ನಡಕ ಹಾಕಿಕೊಳ್ಳಲಿಲ್ಲ, ಫೋನೂ ತೆಗೆಯಲಿಲ್ಲ. ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಪುಟ ತಿರುಗಿಸಿ ನನ್ನ ಮುಂದಿಟ್ಟಳು. ಅಲ್ಲಿ ಟಾರ್ಕಿಲನ ಹೆಸರು, ಅದರ ಕೆಳಗೆ ಬ್ಲಫ್‌ನಲ್ಲಿ ಬೇಕರಿ ನಡೆಸುವ ಅವನ ಮಗಳ ಹೆಸರು, ಒಂದು ನಂಬರು.

"ಹತ್ತು ವರ್ಷ ಆಯ್ತು ಹುಡುಕಿ. ಇದಾನೆ. ಹೆಂಡ್ತಿ ಹೋಗಿದಾಳೆ, ಕಿವಿ ಮಂದ ಅಂತೆ."

"ಹತ್ತು ವರ್ಷದಿಂದ ಗೊತ್ತಿದ್ದು ನನಗೆ ಹೇಳಲಿಲ್ವಲ್ಲೇ ನೀನು!"

"ನೀನು ಕೇಳಲಿಲ್ಲ" ಎಂದಳು ನೆಟ್ಟಾ.

ಆ ಕ್ಷಣ ಬಿಸಿ ಚಹಾವನ್ನು ಅವಳ ಮೇಲೆ ಸುರಿಯಬೇಕೆನ್ನಿಸಿತು. ಆಮೇಲೆ ಅವಳೇ ನನ್ನ ಕೈ ಹಿಡಿದುಕೊಂಡು ಅತ್ತಳು, ಗಿರಾಕಿಗಳ ಮುಂದೆಯೇ. ಜರ್ಮನಿಯಿಂದ ಬಂದ ಒಂದು ಸಂಸಾರ ಕೇಕು ತಿನ್ನುವುದನ್ನು ನಿಲ್ಲಿಸಿ ನಮ್ಮನ್ನೇ ನೋಡಿತು. ನೋಡಲಿ, ದಿನಾ ನಾವು ಅವರನ್ನು ನೋಡುವುದಿಲ್ಲವೇ?

ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಫೋನ್ ಮಾಡಿದೆ, ಅವರಿಗದು ಸಂಜೆ ಎಂಟು. ಹೊರಗೆ ಮಳೆ ಹಿಡಿದಿತ್ತು. ಮೊದಲು ಮಗಳು ಎತ್ತಿದಳು. ಬಾಲ್‌ಕ್ರೇಗ್‌ನಿಂದ ಎಫೀ ಎಂದ ಕೂಡಲೇ ಏನೂ ಕೇಳದೆ ಅಪ್ಪನ ಕೈಗೆ ಕೊಟ್ಟುಬಿಟ್ಟಳು. ಮುದುಕನ ದನಿ ಬಂತು. ನಮ್ಮ ಮಾತಿನ ಏರಿಳಿತವೆಲ್ಲ ಸವೆದುಹೋಗಿತ್ತು.

"ಯಾವ ಎಫೀ?"

"ಎಷ್ಟು ಜನ ಎಫೀ ಇದಾರೆ ನಿಂಗೆ?"

ಕುಶಲ ವಿಚಾರಿಸಲು ಹೋದರೆ ನನ್ನ ಧೈರ್ಯ ಕರಗುತ್ತಿತ್ತು, ಅದಕ್ಕೇ ಅದನ್ನೇ ಮೊದಲು ಕೇಳಿದೆ.

"ಎಪ್ಪತ್ತೊಂದರಲ್ಲಿ ನೀನು ಊರಿಗೆ ಬಂದಿದ್ಯಾ, ಟಾರ್ಕಿಲ್?"

"ಇಲ್ವಲ್ಲ. ಆ ವರ್ಷ ಪೂರ್ತಿ ಚಿಲಿ ಕಡೆ ಹಡಗಲ್ಲಿದ್ದೆ. ಯಾಕೆ?"

ಗಟ್ಟಿಯಾಗಿ, ಬಿಡಿಸಿ ಬಿಡಿಸಿ ಹೇಳಿದೆ, ಅವನ ಮಂದ ಕಿವಿಗೆ ಒಂದಕ್ಷರವೂ ತಪ್ಪದಂತೆ. ಕಲ್ಲು ಹೋದದ್ದು, ನಾವು ಅಂದುಕೊಂಡದ್ದು, ಹೊರಾಕ್ಸ್ ತಂದದ್ದು. ಎಲ್ಲ ಕೇಳಿಸಿಕೊಂಡು ಅವನೆಂದ:

"ನಿನ್ನ ಕಾಗದ ನೂರು ಸಲ ಓದಿದೀನಿ. ನಾನೇನು ತಪ್ಪು ಮಾಡ್ದೆ ಅಂತ ಗೊತ್ತಾಗ್ಲೇ ಇಲ್ಲ."

"ಕೇಳಬಹುದಿತ್ತಲ್ಲ ನೀನು."

"ನಾನೂ ಬಾಲ್‌ಕ್ರೇಗ್‌ನವನೇ ಕಣೇ."

ಆಮೇಲೆ ಅವನು ಕೇಳಿದ, ನಾನು ರಾತ್ರಿಯಿಡೀ ಹೆದರಿಕೊಂಡಿದ್ದ ಮಾತನ್ನೇ ಕೇಳಿದ.

"ಅಮ್ಮ ಹಾಗೇ ಅಂದ್ಕೊಂಡು ಸತ್ಲಾ? ನಾನು ಬಂದು, ಒಳಗೆ ಬರದೆ ಹೋದೆ ಅಂತ?"

ಇಲ್ಲ ಅನ್ನಬಹುದಿತ್ತು. ಅವನಿಗೆ ಎಪ್ಪತ್ತಾರು, ಸಾಕ್ಷಿ ಹೇಳುವವರು ಯಾರೂ ಉಳಿದಿಲ್ಲ. ಆದರೆ ಇಷ್ಟೆಲ್ಲ ಆದ ಮೇಲೆ ಇನ್ನೊಂದು ಸುಳ್ಳನ್ನು ಅವನ ಕೈಗಿಡಲು ನನ್ನಿಂದಾಗಲಿಲ್ಲ.

"ಹೌದು" ಎಂದೆ. "ಆದ್ರೆ ಒಂದು ಮಾತು ಕೇಳು. ಅಮ್ಮ ನಿಲ್ದಾಣಕ್ಕೆ ಹೋಗಿ ಆ ಪೋರ್ಟರ್‌ನ ಎದುರಿಗೆ ನಿಂತು ನೇರವಾಗಿ ಕೇಳಿದ್ಲು, ನನ್ನ ಮಗ ಏನು ಹಾಕ್ಕೊಂಡಿದ್ದ ಅಂತ. ಅವನು ದಪ್ಪನೆ ಉಣ್ಣೆ ಕೋಟು, ಕಂದು ಬಣ್ಣದ್ದು ಅಂದ. ಅವತ್ತು ಮನೆಗೆ ಬಂದು, ಕೋಟು ಒಳ್ಳೇದಿತ್ತಂತೆ ಕಣೇ ಅಂದ್ಲು. ಒಂದು ವಾರದ ಮೇಲೆ ಅವತ್ತು ನಿದ್ದೆ ಮಾಡಿದ್ಲು."

"ನನ್ನ ಹತ್ರ ಕೋಟೇ ಇರ್ಲಿಲ್ಲ" ಎಂದ ಟಾರ್ಕಿಲ್. ಅವನು ಅಳುತ್ತಿದ್ದ. ನಾನೂ ಅತ್ತೆ. ಎರಡು ದೇಶದಲ್ಲಿ ಇಬ್ಬರು ಮುದುಕರು ಫೋನ್ ಹಿಡಿದು ಮೂಗು ಒರೆಸಿಕೊಂಡೆವು. ಕ್ಷಮಿಸು ಎಂದು ಹೇಳಿದೆ, ಎರಡು ಸಲ, ಮೊದಲನೆಯದು ಅವನಿಗೆ ಕೇಳಿಸಲಿಲ್ಲ.

"ಕಲ್ಲು ಎಲ್ಲಿದೆ ಈಗ?"

"ನನ್ನ ಮುಂದೇನೇ, ಮೇಜಿನ ಮೇಲೆ."

"ಮೇಲೆ ತಗೊಂಡು ಹೋಗಿ ಇಡು."

ಮಳೆ ಬರುತ್ತಿದೆ, ನನಗೆ ಮಂಡಿ ನೋವು, ನೀನೇನೂ ಸತ್ತಿಲ್ಲವಲ್ಲ, ಮನೆಯಲ್ಲೇ ಇರಲಿ ಬಿಡು ಎಂದೆ.

"ಸತ್ತಿಲ್ಲ ಅಂತಾನೇ ಹೇಳ್ತಿರೋದು, ಹುಡುಗೀ. ಅಲ್ಲಿ ಇಲ್ದೆ ಇದ್ರೆ ನಾನು ಬಂದು ಏನನ್ನ ತಗೊಳ್ಳಲಿ?"

ಫೋನಿಟ್ಟು ಮಳೆಕೋಟು ಹಾಕಿಕೊಂಡೆ. ಹೊರಾಕ್ಸ್ ಬಾಗಿಲಲ್ಲೇ ಕಾಯುತ್ತಿದ್ದರು. ಚೀಲದ ಒಂದು ಹಿಡಿಕೆ ಅವರು ಹಿಡಿದರು, ಇನ್ನೊಂದು ನಾನು ಹಿಡಿದೆ, ದಾರಿಯಲ್ಲಿ ನಾಲ್ಕು ಸಲ ಕೂತು ಕೂತು ಹತ್ತಿದೆವು. ಬೆಟ್ಟದ ಕಡೆಯ ಮಗ್ಗುಲಲ್ಲಿ ಪ್ರವಾಸಿಗಳು ಪೇರಿಸಿದ್ದನ್ನೆಲ್ಲ ಒಂದೊಂದಾಗಿ ಇಳಿಸಿ ಆಚೆ ಇಟ್ಟೆವು, ಅದಕ್ಕೇ ಒಂದು ಗಂಟೆ ಹಿಡಿಯಿತು. ಗುಳಿ ಸಿಕ್ಕಿತು. ಕಲ್ಲನ್ನು ಇಡಲು ಹೊರಾಕ್ಸ್‌ಗೇ ಹೇಳಿದೆ. ಅವರು ಎರಡೂ ಕೈಯಲ್ಲಿ ಇಟ್ಟು, ಅಲುಗಾಡುತ್ತದೆಯೇ ಎಂದು ತಳ್ಳಿ ನೋಡಿ, ಹೆಂಡತಿಯ ಹೆಸರು ಹೇಳಿದರು. ನಾನು ಅದರ ಚಕ್ಕೆಯೆದ್ದ ಅಂಚನ್ನು ದಾರಿಯ ಕಡೆಗೆ ತಿರುಗಿಸಿದೆ, ರೈಲು ನಿಲ್ದಾಣದ ಕಡೆಯಿಂದ ಇಳಿದು ಬರುವ ಮುದುಕನಿಗೆ ಬಗ್ಗಿ ಹುಡುಕುವ ಕಷ್ಟವಾಗಬಾರದು.